ನಕ್ಷತ್ರದ ಬಲಕ್ಕೆ ಒಂದು ಹೊಗೆ

ಅವರು ತೀರಿಕೊಂಡು ಕೆಲವು ತಿಂಗಳಾದವು. ನನಗೆ ಇನ್ನೂ ಅಳು ಬಂದಿಲ್ಲ. ಬರಬೇಕಿತ್ತು, ಇಪ್ಪತ್ತು ವರ್ಷಕ್ಕೂ ಮೀರಿದ ಒಡನಾಟ. ಜೋಮು ಹಿಡಿದ ಕಾಲನ್ನು ಚಿವುಟಿ ನೋಡುವ ಹಾಗೆ ಒಂದೊಂದೇ ನೆನಪನ್ನು ಚಿವುಟಿ ನೋಡುತ್ತಿದ್ದೇನೆ, ಅಷ್ಟೆ. ಹೆಸರು ಬರೆಯುವುದಿಲ್ಲ. ನಾನು ಅವರನ್ನು ಹೆಸರು ಹಿಡಿದು ಕರೆದವಳೂ ಅಲ್ಲ. ಅವರು ಕಾಕಾ, ಅವರ ಹೆಂಡತಿ ಕಾಕು. ರಕ್ತಸಂಬಂಧವೇನೂ ಇರಲಿಲ್ಲ. ಹೈದರಾಬಾದಿನ ಕ್ವಾರ್ಟರ್ಸಿನಲ್ಲಿ ಮೇಲಿನ ಮನೆಯವರು ಬಾಗಲಕೋಟೆ ಕಡೆಯವರು ಎಂದು ತಿಳಿದ ದಿನವೇ ಗದಗಿನವಳಾದ ನನಗೆ ಸಂಬಂಧ ತಾನಾಗಿ ಹುಟ್ಟಿಕೊಂಡಿತು.

ಹಾಗೆ ತಿಳಿದದ್ದು ಮಾತ್ರ ಜಗಳದಿಂದ. ನಮ್ಮ ಬ್ಲಾಕಿನ ಮೆಟ್ಟಿಲುಗಳ ಕೊನೆಯಲ್ಲಿ, ತಾರಸಿಯ ಬಾಗಿಲ ಮೇಲೆ ಒಂದು ಬಲ್ಬು ಇತ್ತು. ಮೋಡವಿಲ್ಲದ ಸಂಜೆಗಳಲ್ಲಿ ಮಾತ್ರ ಅದು ಇರುತ್ತಿರಲಿಲ್ಲ. ಎದುರು ಮನೆಯ ತೆಲುಗಿನಾಕೆ ಅದಕ್ಕೆ ಕಾರಣರಾದವರಿಗೆ ‘ಬಲ್ಬು ದೊಂಗ’ ಎಂದು ಹೆಸರಿಟ್ಟಿದ್ದರು. ದೊಂಗ ಎಂದರೆ ಕಳ್ಳ. ಮದುವೆಯಾಗಿ ಹೊಸದಾಗಿ ಬಂದಿದ್ದ ನನಗೆ ಇದೆಲ್ಲ ಎಲ್ಲಿ ಗೊತ್ತು? ಒಂದು ಸಂಜೆ ಒಣಗಿದ ಸಂಡಿಗೆ ತರಲು ಹೋಗಿ, ಕತ್ತಲಲ್ಲಿ ಎಡವಿ, ಮೊಣಕಾಲು ತರಚಿಕೊಂಡು, ಸಂಡಿಗೆಯನ್ನೆಲ್ಲ ಮೆಟ್ಟಿಲ ಮೇಲೆ ಚೆಲ್ಲಿ, ಸೀದಾ ತಾರಸಿಯ ಕೆಳಗಿನ ಮನೆಯ ಬಾಗಿಲು ಬಡಿದೆ. ನನ್ನ ಬಾಯಿ ಆಗ ಈಗಿನದಕ್ಕಿಂತ ಜೋರಾಗಿತ್ತು. ಬಾಗಿಲು ತೆಗೆದವರು ತೆಳ್ಳಗೆ ಎತ್ತರಕ್ಕಿದ್ದರು. ಕನ್ನಡಕ ಹಣೆಯ ಮೇಲಿತ್ತು. ಅಂಗಿಯ ಜೇಬಿನಿಂದ ಬಲ್ಬು ಇಣುಕುತ್ತಿತ್ತು. ಕಳ್ಳ ಮಾಲಿನ ಸಮೇತ ಸಿಕ್ಕ ಖುಷಿಯಲ್ಲಿ ನಾನು ನನ್ನ ಹರಕು ಹಿಂದಿಯಲ್ಲಿ ಶುರುಹಚ್ಚಿಕೊಂಡೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಒಳಕ್ಕೆ ತಿರುಗಿ, “ಏ, ಈಕಿ ಮೊಣಕಾಲಿಗೆ ಹತ್ತೈತಿ ನೋಡು, ಅರಿಶಿಣ ತಗೊಂಡ ಬಾ,” ಎಂದರು.

ಕನ್ನಡದವರ ಜೊತೆ ಹಿಂದಿಯಲ್ಲಿ ಜಗಳ ಮುಂದುವರಿಸುವುದು ಹೇಗೆ? ಕಾಕು ಅರಿಶಿಣ ಹಚ್ಚುತ್ತಿರುವಾಗ ಕಾಕಾ ಒಂದು ಫೋಟೋ ತಂದು ನನ್ನ ಮುಂದೆ ಹಿಡಿದರು. ಕಪ್ಪು ಹಾಳೆ, ಅದರ ಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು, ನಡುವೆ ಎಲ್ಲೋ ಬೆರಳಿನಿಂದ ಒರೆಸಿದಂಥ ಒಂದು ಬಿಳಿಚು ಕಲೆ.

“ಇದ ನೋಡು ತಂಗಿ. ಇದು ಧನು ರಾಶಿಯೊಳಗಿನ ಹೊಗಿ. ಆ ಬಲ್ಬ್ ಹತ್ತಿದ್ರ ಇದು ಬರಂಗಿಲ್ಲ.”

ನೀಹಾರಿಕೆ ಎಂಬ ಮಾತನ್ನು ಅವರು ಬಳಸಿದ್ದನ್ನು ನಾನು ಕೇಳಿಲ್ಲ. ನಕ್ಷತ್ರಗಳ ನಡುವೆ ಹರಡಿರುವ ಆ ಅನಿಲದ, ಧೂಳಿನ ಮೋಡಗಳೆಲ್ಲ ಅವರಿಗೆ ಹೊಗೆ. ಹೊಗೆಗಾಗಿ ನನ್ನ ಸಂಡಿಗೆ ಹೋಯಿತಲ್ಲ ಎಂದು ನಾನು ಗೊಣಗಿದೆ. ಮಾರನೆಯ ದಿನ ಕಾಕು ಒಂದು ಡಬ್ಬಿ ಸಂಡಿಗೆ ಕಳಿಸಿದರು.

ಕಾಕಾ ಕೆಲಸ ಮಾಡುತ್ತಿದ್ದದ್ದು ನನ್ನ ಯಜಮಾನರಿದ್ದ ಕಾರ್ಖಾನೆಯಲ್ಲೇ. ಅದು ರಕ್ಷಣಾ ಇಲಾಖೆಗೆ ಸೇರಿದ್ದು. ಒಳಗೆ ಏನು ತಯಾರಾಗುತ್ತದೆ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಕಾಕಾ ಅಲ್ಲಿ ಬೆಸುಗೆಗಳ ಎಕ್ಸ್‌ರೇ ಓದುತ್ತಿದ್ದರು ಎಂಬಷ್ಟು ಮಾತ್ರ ಗೊತ್ತಿತ್ತು. ಡಾಕ್ಟರು ಮೂಳೆಯ ಎಕ್ಸ್‌ರೇ ನೋಡುವಂತೆ ಇವರು ಕಬ್ಬಿಣದ್ದನ್ನು ನೋಡಿ, ಒಳಗೆ ಬಿರುಕಿದೆಯೋ ಗುಳ್ಳೆ ಇದೆಯೋ ಅಥವಾ ಫಿಲ್ಮಿಗೇ ಗೀರು ಬಿದ್ದಿದೆಯೋ ಎಂದು ಹೇಳಿ ಸಹಿ ಹಾಕಬೇಕು. ದಿನವಿಡೀ ಫಿಲ್ಮಿನ ಮೇಲಿನ ಕಲೆ ನೋಡಿ ಬಂದವರು ಮನೆಯಲ್ಲಿ ಮತ್ತೆ ಫಿಲ್ಮಿನ ಮೇಲಿನ ಕಲೆ ನೋಡುತ್ತಾ ಕೂರುತ್ತಿದ್ದರು. “ಅಲ್ಲಿ ಪಗಾರಕ್ಕ ನೋಡ್ತಾರ, ಇಲ್ಲಿ ಪುಗಸೆಟ್ಟೆ ನೋಡ್ತಾರ,” ಎನ್ನುತ್ತಿದ್ದರು ಕಾಕು.

ಅವರಿಗೆ ಬೇಕಿದ್ದದ್ದು ಒಂದೇ. ಹೈದರಾಬಾದಿನಿಂದ ಕಾಣುವ ಆಕಾಶಗಂಗೆಯ ಉದ್ದಕ್ಕೂ ಇರುವ ಹೊಗೆಗಳನ್ನೆಲ್ಲ ತಾವೇ ತೆಗೆದ ಫೋಟೋಗಳಲ್ಲಿ ಗುರುತಿಸಿ, ಒಂದು ನಕ್ಷೆ ಮಾಡಿ ಮುಗಿಸಬೇಕು. ಇದರಿಂದ ಲೋಕಕ್ಕೇನೂ ಆಗಬೇಕಿರಲಿಲ್ಲ. ದೊಡ್ಡ ದೂರದರ್ಶಕಗಳು ಅವನ್ನೆಲ್ಲ ಯಾವತ್ತೋ ಹಿಡಿದು, ಸಂಖ್ಯೆ ಕೊಟ್ಟು, ಪುಸ್ತಕದಲ್ಲಿ ಹಾಕಿಯಾಗಿತ್ತು. ಅಂಥ ಒಂದು ದಪ್ಪ ನಕ್ಷತ್ರಪಟದ ಪುಸ್ತಕ ಆಬಿಡ್ಸಿನ ರವಿವಾರದ ಫುಟ್‌ಪಾತ್ ಬಜಾರಿನಲ್ಲಿ ಅವರಿಗೇ ಸಿಕ್ಕಿತ್ತು. ಎಲ್ಲ ಇದರಲ್ಲೇ ಇದೆಯಲ್ಲ ಎಂದು ನಾನು ಕೆಣಕಿದರೆ, “ಐತಿ. ಆದ್ರ ನಾ ನೋಡಿಲ್ಲಲ್ಲ,” ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಅವರ ಕೆಲಸದ ಕ್ರಮ ವಿಚಿತ್ರವಾಗಿತ್ತು. ಟ್ಯೂಬ್‌ಲೈಟಿನ ಮೇಲೆ ಹಾಲುಗಾಜು ಹಾಕಿ ಮಾಡಿಕೊಂಡ ಪೆಟ್ಟಿಗೆಯ ಮೇಲೆ ನೆಗೆಟಿವ್ ಇಡುವುದು. ನೆಗೆಟಿವ್‌ನಲ್ಲಿ ನಕ್ಷತ್ರ ಕಪ್ಪು ಚುಕ್ಕೆ, ಹೊಗೆ ಬೂದು ಕಲೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿಯನ್ನು ಬಲಗಣ್ಣಿಗೆ ಹಚ್ಚಿ, ಎಡಗಣ್ಣು ಮುಚ್ಚಿ, ಕಂಡದ್ದನ್ನು ಪೆನ್ಸಿಲಿನಿಂದ ಗುರುತು ಮಾಡುವುದು. ಅಲ್ಲಿಯವರೆಗೆ ಪುಸ್ತಕ ಮುಟ್ಟುವಂತಿಲ್ಲ.

“ಮೊದಲ ಫೋಟೋದಾಗ ಏನೈತಿ ಅನ್ನೂದ ಬರಿ. ಆಮ್ಯಾಲ ಪುಸ್ತಕ ತಗಿ. ಮೊದಲ ಪುಸ್ತಕ ತಗದಿ ಅಂದ್ರ ನಿನ್ನ ಕಣ್ಣು ಪುಸ್ತಕದ ಮಾತ ಕೇಳ್ತೈತಿ.”

ಇನ್ನೊಂದು ನಿಯಮ, ಒಂದೇ ನೆಗೆಟಿವ್‌ನಲ್ಲಿ ಕಂಡದ್ದನ್ನು ನಂಬಬಾರದು. ಬೇರೊಂದು ದಿನ, ಕ್ಯಾಮೆರಾವನ್ನು ತುಸು ಸರಿಸಿ ತೆಗೆದ ಇನ್ನೊಂದರಲ್ಲೂ ಆ ಹೊಗೆ ಅದೇ ನಕ್ಷತ್ರದ ಪಕ್ಕದಲ್ಲಿ ಇರಬೇಕು. ಕ್ಯಾಮೆರಾದ ಜೊತೆ ಸರಿದರೆ ಅದು ಲೆನ್ಸಿನ ಕೊಳೆ, ನಕ್ಷತ್ರದ ಜೊತೆ ನಿಂತರೆ ಆಕಾಶದ್ದು. “ಎರಡ ಸಲ ಬಂದ್ರ ಖರೆ,” ಎನ್ನುವುದು ಅವರ ಬಾಯಿಪಾಠ. ಹಾಲಿನವನು ಬಂದ ಎಂದರೂ, ಯಾರದೋ ವರ್ಗಾವಣೆಯ ಸುದ್ದಿ ಬಂದರೂ ಅದೇ ಮಾತು.

ಖರೆ ಎಂದು ತೀರ್ಮಾನವಾದದ್ದು ದೊಡ್ಡ ಟ್ರೇಸಿಂಗ್ ಹಾಳೆಗೆ ಶಾಯಿಯಲ್ಲಿ ಏರುತ್ತಿತ್ತು. ಅದನ್ನು ಏರಿಸುವವಳು ನಾನು. ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ, ಕೈ ನಡುಗುತ್ತಿರಲಿಲ್ಲ. ಅವರ ಪೆನ್ಸಿಲ್ ಗುರುತಿನ ಮೇಲೆ ನಾನು ಸಣ್ಣ ನಿಬ್ಬಿನಿಂದ ಚುಕ್ಕೆ ಚುಕ್ಕೆಯಾಗಿ ಹೊಗೆ ತುಂಬಬೇಕು. ರವಿವಾರ ಮಧ್ಯಾಹ್ನದ ಊಟವಾದ ಮೇಲೆ ಅವರ ಮೇಜಿನ ಆ ತುದಿ ಅವರು, ಈ ತುದಿ ನಾನು. ನಡುವೆ ಕಾಕು ತಂದಿಡುವ ಚಹಾ, ಉಸ್ಮಾನಿಯಾ ಬಿಸ್ಕೀಟು. ಮಾತೇ ಇರುತ್ತಿರಲಿಲ್ಲ. ನನ್ನಂಥ ಬಾಯಿಬಡುಕಿ ಅಷ್ಟು ಹೊತ್ತು ಸುಮ್ಮನಿರುತ್ತಾಳೆ ಎಂದರೆ ನಮ್ಮ ಯಜಮಾನರು ನಂಬುತ್ತಿರಲಿಲ್ಲ. ಆ ಮಧ್ಯಾಹ್ನಗಳು ನನಗೆ ಬಹಳ ಇಷ್ಟವಾಗಿದ್ದವು.

ಫೋಟೋ ತೆಗೆಯುವುದು ಒಂದು ಸಂಸಾರದ ಕೆಲಸ. ಭೂಮಿ ತಿರುಗುವುದರಿಂದ ನಕ್ಷತ್ರಗಳು ಸರಿಯುತ್ತವೆ. ಕ್ಯಾಮೆರಾವೂ ಅದೇ ವೇಗದಲ್ಲಿ ಸರಿಯದಿದ್ದರೆ ಚುಕ್ಕೆಯ ಬದಲು ಗೀಟು ಬರುತ್ತದೆ. ಅದಕ್ಕೆ ಅವರು ಬೇಗಂ ಬಜಾರಿನಿಂದ ಕೀಲು, ತಿರುಪು ತಂದು ಎರಡು ಹಲಗೆ ಜೋಡಿಸಿದ್ದರು. ತಿರುಪನ್ನು ಕೈಯಿಂದ ಒಂದೇ ಸಮ ತಿರುಗಿಸಿದರೆ ಮೇಲಿನ ಹಲಗೆ ಕ್ಯಾಮೆರಾ ಸಮೇತ ನಿಧಾನ ಏಳುತ್ತದೆ. ಕತ್ತಲಲ್ಲಿ ಗಡಿಯಾರ ನೋಡಲು ದೀಪ ಹಚ್ಚುವಂತಿಲ್ಲ. ಹಾಗಾಗಿ ಕಾಕು ದಿನಾ ಬೆಳಗ್ಗೆ ಹೇಳುವ ಸ್ತೋತ್ರವನ್ನೇ ಗಡಿಯಾರ ಮಾಡಿಕೊಂಡಿದ್ದರು. ಒಂದು ನುಡಿ ಮುಗಿದರೆ ಕಾಲು ಸುತ್ತು. ಕಾಕು ಎಂದೂ ಅವಸರಿಸುವವರಲ್ಲ, ಎಳೆಯುವವರೂ ಅಲ್ಲ. ಒಮ್ಮೆ ನೆಗಡಿಯಾಗಿ ನಡುವೆ ಸೀನಿದರು. ಆ ಫೋಟೋದಲ್ಲಿ ಪ್ರತಿ ನಕ್ಷತ್ರಕ್ಕೂ ಒಂದು ಬಾಲ ಬಂದಿತ್ತು.

ಗಣಪತಿ ಹಬ್ಬ ಕಳೆದು ಮಳೆ ಹಿಂದೆಗೆದ ಮೇಲೆ ಸಂಜೆ ಸ್ಕೂಟರಿನಲ್ಲಿ ಊರಾಚೆಯ ಮಾದಾಪುರಕ್ಕೆ ಹೋಗುತ್ತಿದ್ದರು. ಒಮ್ಮೊಮ್ಮೆ ನಾನೂ ನಮ್ಮ ಯಜಮಾನರೂ ಹಿಂದೆಯೇ. ಈಗ ಗಾಜಿನ ಆಫೀಸುಗಳಿರುವ ಜಾಗದಲ್ಲಿ ಆಗ ಬಂಡೆಗಳಿದ್ದವು, ಸೀತಾಫಲದ ಪೊದೆಗಳಿದ್ದವು, ಮೇಲೆ ಆಕಾಶವಿತ್ತು. ಕಾಕು ಬಂಡೆಯ ಮೇಲೆ ಚಾಪೆ ಹಾಸಿ ಸ್ತೋತ್ರ ಶುರುಮಾಡಿದರೆ ದಾರಿಹೋಕರು ಏನೋ ಪೂಜೆ ಎಂದುಕೊಂಡು ಕೈಮುಗಿದು ಹೋದದ್ದೂ ಉಂಟು. ರಾತ್ರಿಯ ಊಟಕ್ಕೆ ಮನೆಗೆ ಬಂದುಬಿಡುತ್ತಿದ್ದೆವು.

ಮೊದಮೊದಲು ಫಿಲ್ಮನ್ನು ಸ್ಟುಡಿಯೋಕ್ಕೆ ಕೊಟ್ಟಿದ್ದರಂತೆ. ಅಲ್ಲಿಯವನಿಗೆ ಕಪ್ಪಿನಲ್ಲಿ ಒಂದು ಫೋಟೋ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದೆ ಮನಸ್ಸಿಗೆ ಬಂದಲ್ಲಿ ಕತ್ತರಿಸಿ, “ಕುಛ್ ಭೀ ನೈ ಆಯಾ ಸಾಬ್, ಪೂರಾ ಅಂಧೇರಾಚ್ ಹೈ. ಅಗ್ಲೀ ಬಾರ್ ಫ್ಲ್ಯಾಶ್ ಮಾರೋ,” ಎಂದು, ಬರೀ ಕತ್ತಲೇ ಬಂದಿರುವುದರಿಂದ ಮುಂದಿನ ಸಲ ಫ್ಲ್ಯಾಶ್ ಹಾಕಬೇಕೆಂದು ಸಮಾಧಾನ ಹೇಳಿ ಕಳಿಸಿದ. ಅಂದಿನಿಂದ ಪ್ರತಿ ರೋಲಿನ ಮೊದಲ ಫೋಟೋ ಹಗಲಿನಲ್ಲಿ ಕಾಕುವಿನದು. ಅವರ ಸೀರೆಯಂಚು ನೋಡಿ ಅಳತೆ ಹಿಡಿದರೆ ಮುಂದಿನದೆಲ್ಲ ಸರಿಯಾಗಿ ಕತ್ತರಿಸಲು ಬರುತ್ತದೆ. ಆಮೇಲೆ ಬಚ್ಚಲಿನ ಕಿಟಕಿಗೆ ಕಂಬಳಿ ಹೊದಿಸಿ ಕಗ್ಗತ್ತಲು ಮಾಡಿಕೊಂಡು, ಮನೆಯೆಲ್ಲ ಉಪ್ಪಿನಕಾಯಿ ನಾರುವ ಹಾಗೆ ಮಾಡಿ, ತಾವೇ ತೊಳೆಯಲು ಕಲಿತರೂ ಆ ರೂಢಿ ಬಿಡಲಿಲ್ಲ. ನೀರಿನ ಟಾಕಿಯ ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ, “ಸಾಕ್ರಿ, ಒಲಿ ಮ್ಯಾಲ ಸಾರೈತಿ,” ಎನ್ನುವ ಕಾಕು ಎಷ್ಟು ಫೋಟೋಗಳಲ್ಲಿದ್ದಾರೋ.

ನಕ್ಷೆ ಮುಕ್ಕಾಲು ಮುಗಿದಿತ್ತು. ಆಗಲೇ ಮಾದಾಪುರದಲ್ಲಿ ಬಂಡೆ ಸಿಡಿಸುವುದು ಶುರುವಾಯಿತು. ರಾತ್ರಿಯಿಡೀ ದೊಡ್ಡ ದೀಪಗಳು ಉರಿಯುತ್ತಿದ್ದವು. ಕಾಕಾ ಸಿಕ್ಕ ಸಂಜೆಗಳನ್ನೆಲ್ಲ ಬಳಸಿ, ಉಳಿದ ಭಾಗದ ಫೋಟೋಗಳನ್ನು ಒಂದೇ ಹಂಗಾಮಿನಲ್ಲಿ ತೆಗೆದು ಮುಗಿಸಿದರು. ಇನ್ನು ಕೂತು ಓದುವುದೊಂದೇ ಬಾಕಿ.

ಆ ಓದಿನಲ್ಲೇ ಒಂದು ದಿನ ಅವರಿಗೆ ಹೊಸ ಹೊಗೆಯೊಂದು ಕಂಡಿತು. ನಕ್ಷತ್ರವೊಂದರ ಪಕ್ಕದಲ್ಲಿ ತೆಳ್ಳಗೆ, ಬೂದಾಗಿ. ಬೇರೆ ದಿನದ ನೆಗೆಟಿವ್ ಇಟ್ಟು ನೋಡಿದರು, ಅದರಲ್ಲೂ ಇತ್ತು. ಆಮೇಲೆ ಪುಸ್ತಕ ತೆಗೆದರು. ಪುಸ್ತಕದಲ್ಲಿ ಇರಲಿಲ್ಲ. ಅವರು ಕುಣಿಯುವವರಲ್ಲ. ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಣೆಗೇರಿಸಿ, “ನಾಳೆ ಶಿರಾ ಮಾಡ,” ಎಂದು ಒಳಕ್ಕೆ ಕೂಗಿದರು. ಕಾಕು ಶಿರಾ ಮಾಡಿದರು. ಮುಂದಿನ ವಾರಗಳಲ್ಲಿ ಅಂಥದೇ ಇನ್ನೊಂದು ಕಂಡಿತು, ಮತ್ತೊಂದು ಕಂಡಿತು. ಎಲ್ಲವೂ ಎರಡು ಸಲ ಬಂದವು. ಅವರು ಪೆನ್ಸಿಲಿನಲ್ಲಿ ಗುರುತು ಮಾಡಿಕೊಟ್ಟರು, ನಾನು ಶಾಯಿ ತುಂಬಿದೆ. ನನ್ನ ಕೆಲಸ ಹಾಳೆಯ ಮೇಲೆ ಮಾತ್ರ, ನೆಗೆಟಿವ್ ನೋಡುವುದು ಅವರದು.

ಹಾಗೆ ಶಾಯಿ ತುಂಬುತ್ತಿದ್ದ ಒಂದು ರವಿವಾರ ಹಾಳೆಗಳನ್ನು ಒಟ್ಟಿಗೆ ಹರಡಿಕೊಂಡಾಗ ನನಗೆ ತಮಾಷೆ ಎನಿಸಿತು.

“ಕಾಕಾ, ನಿಮ್ಮ ಹೊಸಾ ಹೊಗಿ ಎಲ್ಲಾ ಚುಕ್ಕಿಯ ಬಲಕ್ಕ, ಮ್ಯಾಲನ ಕುಂತಾವಲ್ರಿ. ಅಲ್ಲೂ ಗಾಳಿ ಒಂದ ಕಡಿಗೆ ಬೀಸ್ತೈತೇನು?”

ಅವರು ತಲೆ ಎತ್ತಿದರು. “ಎಲ್ಲಾನೂ?”

“ಎಲ್ಲಾನೂ ರಿ.”

ಅವರು ಎದ್ದು ಬಂದು ಹಾಳೆಗಳ ಮೇಲೆ ಬಗ್ಗಿ ನಿಂತರು. ನಂತರ ತಮ್ಮ ಜಾಗಕ್ಕೆ ಹೋಗಿ, ಪೆಟ್ಟಿಗೆಯ ದೀಪ ಹಚ್ಚಿ, ಕೊನೆಯ ನೆಗೆಟಿವ್ ಇಟ್ಟು, ಬಲಗಣ್ಣಿಗೆ ಭೂತಗನ್ನಡಿ ಹಚ್ಚಿದರು. ಆಫೀಸಿನಲ್ಲಿ ಬರೆದುಕೊಳ್ಳುವವರಿಗೆ ಹೇಳುವಂತೆ ಒಂದೊಂದೇ ಹೇಳತೊಡಗಿದರು.

“ಐತಿ. ಬಲಕ್ಕ, ಮ್ಯಾಲ.”

ಫಿಲ್ಮನ್ನು ತಲೆಕೆಳಗು ಮಾಡಿ ಇಟ್ಟರು. “ಹೊಗಿ ಫಿಲ್ಮಿನಾಗ ಇದ್ರ ಈಗ ಎಡಕ್ಕ, ಕೆಳಗ ಬರಬೇಕು.” ಬಗ್ಗಿ ನೋಡಿದರು. “ಬಲಕ್ಕ, ಮ್ಯಾಲನ ಐತಿ.”

ಭೂತಗನ್ನಡಿಯನ್ನು ತಿರುಗಿಸಿ ಹಚ್ಚಿದರು. “ಹಂಗ ಐತಿ.”

ಫಿಲ್ಮನ್ನೇ ತೆಗೆದು ಪಕ್ಕಕ್ಕಿಟ್ಟರು. ಬೆಳಗುವ ಬರೀ ಗಾಜು ಉಳಿಯಿತು. “ಐತಿ,” ಎಂದರು.

ಆಮೇಲೆ ಭೂತಗನ್ನಡಿಯನ್ನು ಎಡಗಣ್ಣಿಗೆ ಹಚ್ಚಿದರು. ಅಲ್ಲಿಯವರೆಗೆ ಆ ಕಣ್ಣಿನಿಂದ ಅವರು ಯಾವ ನೆಗೆಟಿವ್ ಅನ್ನೂ ನೋಡಿರಲಿಲ್ಲ. ಅಡುಗೆಮನೆಯಲ್ಲಿ ಕಾಕು ಕುಟ್ಟುತ್ತಿದ್ದ ಸಪ್ಪಳ ಕೇಳುತ್ತಿತ್ತು.

“ಇಲ್ಲ,” ಎಂದರು.

ನನಗೆ ಕೊಟ್ಟು, “ನೀ ನೋಡು,” ಎಂದರು. ನಾನು ನೋಡಿದೆ. ಬರೀ ಬೆಳಕಿತ್ತು. ಹಾಗೆಂದೇ ಹೇಳಿದೆ. ನಕ್ಷತ್ರವನ್ನು ದಿಟ್ಟಿಸಿದಾಗಲೆಲ್ಲ ಅದರ ಬಲಕ್ಕೆ ಕಾಣುತ್ತಿದ್ದ ಹೊಗೆ ಆಕಾಶದ್ದಲ್ಲ, ಲೆನ್ಸಿನದಲ್ಲ, ಫಿಲ್ಮಿನದಲ್ಲ. ಕಲೆ ಇದ್ದದ್ದು ಅವರ ಬಲಗಣ್ಣಿನೊಳಗೆ. ಕಣ್ಣು ಹೋದಲ್ಲೆಲ್ಲ ಜೊತೆಗೆ ಹೋಗುತ್ತಿತ್ತು, ಅದಕ್ಕೇ ಎರಡು ಸಲ ಬಂತು, ನೂರು ಸಲ ನೋಡಿದ್ದರೆ ನೂರು ಸಲವೂ ಬರುತ್ತಿತ್ತು. ಎರಡೂ ಕಣ್ಣು ತೆರೆದಿದ್ದಾಗ ಎಡಗಣ್ಣು ಅದನ್ನು ಮುಚ್ಚಿಹಾಕುತ್ತಿದ್ದುದರಿಂದ ಬೇರೆಲ್ಲೂ ಗೊತ್ತಾಗಿರಲಿಲ್ಲ.

ಕಾಕಾ ದೀಪ ಆರಿಸಿದರು. “ಚಹಾ ಮಾಡ ಅನ್ನು ಕಾಕುಗ,” ಎಂದರು. ಚಹಾ ಬಂತು. ಕುಡಿದರು. ಎಂದಿನಂತೆ ಕಪ್ಪನ್ನು ತಾವೇ ತೊಳೆದಿಟ್ಟು ಬಂದರು. ಆಮೇಲೆ ಡ್ರಾಯರಿನಿಂದ ಅರ್ಧ ಬ್ಲೇಡು ತೆಗೆದು, ಟ್ರೇಸಿಂಗ್ ಹಾಳೆಯ ಮೇಲೆ ಶಾಯಿ ಕೆರೆಯಲು ಕೂತರು. ಮೊದಲು ಆ ಹೊಸ ಹೊಗೆಗಳು ಹೋದವು. ಸರಿ, ಹೋಗಬೇಕಾದದ್ದೇ. ಆದರೆ ಕೈ ನಿಲ್ಲಲಿಲ್ಲ. ಆ ಹಂಗಾಮಿನ ಫೋಟೋಗಳಿಂದ ನಕ್ಷೆಗೆ ಏರಿದ್ದನ್ನೆಲ್ಲ ಕೆರೆಯುತ್ತಾ ಹೋದರು.

“ಅದು ಪುಸ್ತಕದಾಗ ಐತ್ರಿ ಕಾಕಾ. ನಾವ ಹೋಲಿಸಿ ನೋಡೀವಿ. ಅದನ್ನಾದ್ರೂ ಬಿಡ್ರಿ.”

“ಪುಸ್ತಕದಾಗಿಂದು ಪುಸ್ತಕದ್ದು. ನಾ ಖರೇನ ನೋಡೀನೋ ಇಲ್ಲೋ ನನಗ ಗೊತ್ತಿಲ್ಲ. ಈ ಕಣ್ಣಾಗ ಯಾವಾಗಿಂದ ಐತೋ ಏನೋ.”

“ಮತ್ತ ಫೋಟೋ ತಗ್ಯಾಕ ಮಾದಾಪುರದಾಗ ಕತ್ತಲೆ ಎಲ್ಲೈತ್ರಿ?”

“ಇಲ್ಲ,” ಎಂದು ಒಪ್ಪಿಕೊಂಡು ಮುಂದಿನ ಹಾಳೆ ಎಳೆದುಕೊಂಡರು.

ಕಾಕು ಬಾಗಿಲಲ್ಲಿ ನಿಂತು ನೋಡಿದರು. ಏನಾಯಿತೆಂದು ನಾನು ಹೇಳಿದೆ. ಅವರು, “ಹಾಳಿ ತೂತ ಬಿದ್ದೀತು, ಸಾವಕಾಶ ಕೆರೀರಿ,” ಎಂದಷ್ಟೇ ಹೇಳಿ ಒಳಗೆ ಹೋದರು. ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಕಪ್ಪು ಪುಡಿ ಬಿದ್ದಿತ್ತು. ನಾನು ಅದನ್ನು ಅಂಗೈಯಿಂದ ಬಳಿದು ಕಿಟಕಿಯಾಚೆ ಹಾಕಿದೆ. ದುಃಖವಾಗಬೇಕಿತ್ತು. ಆಗಲಿಲ್ಲ. ರಾತ್ರಿಗೆ ಏನು ಅಡುಗೆ ಎಂದು ಯೋಚಿಸುತ್ತಾ ಮೆಟ್ಟಿಲಿಳಿದದ್ದು ನೆನಪಿದೆ.

ಸೋಮವಾರ ಆಫೀಸಿಗೆ ಹೋದವರೇ ತಮ್ಮ ಮೇಲಿನವರಿಗೆ ವಿಷಯ ಹೇಳಿದರು. ತಾವು ಇತ್ತೀಚೆಗೆ ಓದಿ ಸಹಿ ಹಾಕಿದ ಎಕ್ಸ್‌ರೇಗಳನ್ನೆಲ್ಲ ಬೇರೆಯವರಿಂದ ಮತ್ತೆ ಓದಿಸಿ ಎಂದು ಕೇಳಿಕೊಂಡರು. ಯಾರೂ ಅವರನ್ನು ಅನುಮಾನಿಸಿರಲಿಲ್ಲ, ಸುಮ್ಮನಿದ್ದಿದ್ದರೆ ನಿವೃತ್ತಿಯವರೆಗೆ ನಡೆದುಹೋಗುತ್ತಿತ್ತು ಎಂದು ನಮ್ಮ ಯಜಮಾನರು ಹೇಳಿದರು. ಮತ್ತೆ ಓದಿದರು. ಒಂದೂ ತಪ್ಪು ಸಿಗಲಿಲ್ಲ. ಅಲ್ಲಿ ಎರಡೂ ಕಣ್ಣು ತೆರೆದು ಓದುವ ಪದ್ಧತಿ, ಎಡಗಣ್ಣು ಕಾಪಾಡಿತ್ತು. ಆದರೂ ಅವರನ್ನು ಫಿಲ್ಮಿನ ಕೆಲಸದಿಂದ ತೆಗೆದು ಬೇರೆ ವಿಭಾಗಕ್ಕೆ ಹಾಕಿದರು. ಅದು ಅವರೇ ಕೇಳಿದ್ದು.

ಕಣ್ಣಿನ ಡಾಕ್ಟರು, ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಕೆಡುತ್ತಿದೆ, ಮಾಡುವಂಥದ್ದು ಹೆಚ್ಚೇನಿಲ್ಲ, ಇನ್ನೊಂದು ಕಣ್ಣಿಗೂ ಬಂದೀತು ಎಂದರು. ಕಾಕಾ ಇದನ್ನು ನನಗೆ ಹೇಳಿದ್ದು ನಲ್ಲಿಯಲ್ಲಿ ನೀರು ಬರಲಿಲ್ಲ ಎಂದು ಹೇಳುವ ದನಿಯಲ್ಲಿ. ನಾನೂ ಅದೇ ದನಿಯಲ್ಲಿ “ಹೌದೇನ್ರಿ,” ಎಂದೆ.

ನೆಗೆಟಿವ್‌ಗಳು ಹಾಗೇ ಇದ್ದವು. ಎಡಗಣ್ಣಿನಿಂದ ಮತ್ತೆ ಓದಿ ಎಂದರೆ, ಅದೂ ಯಾವಾಗ ಮೋಸ ಮಾಡುತ್ತದೋ ಎಂದು ಒಪ್ಪಲಿಲ್ಲ. ನಾನು ನೋಡಿ ಹೇಳುತ್ತೇನೆ, ನೀವು ಕೂತು ಬರೆಸಿ, ನಕ್ಷೆ ಮುಗಿಸೋಣ ಎಂದೆ. ಒಂದಲ್ಲ, ಹಲವು ಸಲ ಹೇಳಿದೆ.

“ಅದು ನಿನ್ನ ನಕ್ಷೆ ಆಗ್ತೈತಿ ತಂಗಿ. ಬೇಕಾದ್ರ ಮಾಡು. ಚಲೋ ಮಾಡ್ತಿ.”

ನನಗೆ ನಕ್ಷೆ ಬೇಕಿರಲಿಲ್ಲ. ಆ ಮೇಜಿನ ಈ ತುದಿ ಬೇಕಿತ್ತು. ಹಾಗೆಂದು ಹೇಳಲೂ ಹೇಳಿದೆ. ಅವರು ನಕ್ಕು, “ಮೇಜು ಎಲ್ಲಿ ಹೋಗ್ತೈತಿ, ಬಾ, ಕೂಡು,” ಎಂದರು. ಹೋಗಿ ಕೂರುತ್ತಿದ್ದೆ. ಕಾಕು ಕಾಳು ಆರಿಸುತ್ತಿದ್ದರು, ನಾನೂ ಆರಿಸುತ್ತಿದ್ದೆ. ಕಾಕಾ ರೇಡಿಯೋ ಕೇಳುತ್ತಿದ್ದರು.

ಡಾಕ್ಟರು ಹೇಳಿದಂತೆಯೇ ಎಡಗಣ್ಣೂ ಹೋಯಿತು, ನಿಧಾನವಾಗಿ. ಪೂರ್ತಿ ಕುರುಡಲ್ಲ. ನೋಡಿದ ಜಾಗದಲ್ಲಿ ಮಾತ್ರ ಏನೂ ಕಾಣದು, ಸುತ್ತಲಿನ ಅಂಚು ಕಾಣುತ್ತದೆ. ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಮಿಯಾಪುರದಲ್ಲಿ ಸಣ್ಣ ಫ್ಲ್ಯಾಟು ತೆಗೆದುಕೊಂಡರು. ಸಾಮಾನು ಜೋಡಿಸುವಾಗ ಕಾಕು ಆ ಟ್ರೇಸಿಂಗ್ ಹಾಳೆಗಳನ್ನು ಇಸ್ತ್ರಿ ಮಾಡಿದ ಸೀರೆಗಳ ನಡುವೆ ಹಾಸಿದರು. ನಾನು ಹೌಹಾರಿದೆ. ಕಾಕಾ, “ಚಲೋ ಆತು, ಮಡಿಕಿ ಕೆಡಂಗಿಲ್ಲ,” ಎಂದರು.

ಕೆಲವು ವರ್ಷಗಳಾದ ಮೇಲೆ ನಾವೂ ಅವರಿಗೆ ಎರಡು ಬಸ್‌ಸ್ಟಾಪ್ ಆಚೆ ಮನೆ ಮಾಡಿದೆವು. ಆ ಹೊತ್ತಿಗೆ ಅವರ ಮೇಲೆ ಒಂದು ದೂರು ಹುಟ್ಟಿಕೊಂಡಿತ್ತು, ಮುಖ ಕೊಟ್ಟು ಮಾತಾಡುವುದಿಲ್ಲ ಎಂದು. ಎದುರಿಗೆ ಕೂತವರನ್ನು ಬಿಟ್ಟು ಗೋಡೆಯ ಕಡೆಗೋ ಕಿಟಕಿಯ ಕಡೆಗೋ ತಿರುಗಿ ಮಾತಾಡುತ್ತಿದ್ದರು. ಕಾಕುವಿನ ತಮ್ಮ ಊರಿನಿಂದ ಬಂದವನು ಇದನ್ನು ಮನಸ್ಸಿಗೆ ಹಚ್ಚಿಕೊಂಡು, ಭಾವನಿಗೆ ಪೆನ್ಷನ್ ಬಂದ ಮೇಲೆ ಸೊಕ್ಕು ಬಂದಿದೆ ಎಂದು ನನ್ನ ಹತ್ತಿರವೇ ಹೇಳಿದ. ನನ್ನ ಜೊತೆ ಮಾತಾಡುವಾಗಲೂ ಅವರ ನೋಟ ನನ್ನ ಕಿವಿಯಾಚೆ ಎಲ್ಲೋ ಇರುತ್ತಿತ್ತು. ಒಂದು ದಿನ ರೇಗಿ, “ಇಲ್ಲಿ ಕುಂತೀನ್ರಿ ಕಾಕಾ, ಗ್ವಾಡಿ ಮ್ಯಾಲ ಅಲ್ಲ,” ಎಂದೆ.

“ಗೊತ್ತೈತಿ. ನಿನ್ನನ್ನ ನೋಡಾಕತ್ತೀನಿ,” ಎಂದರು. “ಹೊಗಿ ಇರ್ತಾವಲ್ಲ, ಅವನ್ನ ಬರೇ ಕಣ್ಣಲೆ ನೆಟ್ಟಗ ದಿಟ್ಟಿಸಿದ್ರ ಕಾಣಂಗಿಲ್ಲ. ಒಂಚೂರು ಬಾಜೂಕ ನೋಡಬೇಕು, ಅವಾಗ ಅಂಚಿನ್ಯಾಗ ಬರ್ತಾವು. ತಾರಸಿ ಮ್ಯಾಲ ಅಷ್ಟ ವರ್ಷ ಅದನ್ನ ಮಾಡೀನಿ. ಈಗ ಮಂದೀನ್ನೂ ಹಂಗ ನೋಡೂದು. ನೀ ಹಣಿಗೆ ದೊಡ್ಡ ಟಿಕಳಿ ಹಚ್ಚೀದಿ. ಹೌದಲ್ಲೋ?”

ಹೌದು, ಹಚ್ಚಿದ್ದೆ.

ಅಂದಿನಿಂದ ಗಮನಿಸಿದೆ. ಕಾಕು ಅಡುಗೆಮನೆಯಲ್ಲಿದ್ದಾಗ ಕಾಕಾನ ಮುಖ ಬೀದಿಯ ಕಿಟಕಿಯ ಕಡೆಗಿರುತ್ತಿತ್ತು. ಕೆಳಗೆ ಮೆಟ್ರೊ ಕಂಬಗಳಿಗೆ ಗುಂಡಿ ತೋಡುತ್ತಿದ್ದರು, ಬಂದವರು ಅದನ್ನೇ ನೋಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಕಾಕು ಕುರ್ಚಿ ಸರಿಸಿಕೊಂಡು ಅವರ ಎದುರು ಕೂತರೆ ಅವರು ಮುಖವನ್ನು ಆಚೆ ತಿರುಗಿಸುತ್ತಿದ್ದರು. ಆಗ ಕಾಕು ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಅವರು ಹೋದದ್ದು ಬೆಳಗಿನ ಹೊತ್ತು, ಕುರ್ಚಿಯಲ್ಲಿ ಕೂತಲ್ಲೇ. ಫೋನು ಬಂದ ಕೂಡಲೇ ಹೊರಟೆ. ಹೊರಡುವ ಮುಂಚೆ ಗ್ಯಾಸ್ ಆರಿಸಿದ್ದು, ಬೀಗ ಎಳೆದು ನೋಡಿದ್ದು, ಆಟೋದವನಿಗೆ ಹಿಂದಿಯಲ್ಲಿ ದಾರಿ ಹೇಳಿದ್ದು ಎಲ್ಲ ಸರಿಯಾಗಿಯೇ ಮಾಡಿದೆ. ಹೋಗುವಷ್ಟರಲ್ಲಿ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಎರಡು ದಿನ ಮೊದಲಷ್ಟೇ ಬಂದು ಅಲ್ಲೇ ಉಳಿದಿದ್ದ ಕಾಕುವಿನ ತಮ್ಮ ಎಲ್ಲವನ್ನೂ ಓಡಾಡಿ ನೋಡಿಕೊಳ್ಳುತ್ತಿದ್ದ. ಕಣ್ಣು ಮುಚ್ಚಿಸಿ, ಕೈ ಜೋಡಿಸಿ, ಪಕ್ಕಕ್ಕೆ ವಾಲಿದ್ದ ತಲೆಯನ್ನು ನೆಟ್ಟಗೆ ಮಾಡಿ, ಅಕ್ಕಪಕ್ಕ ಟವೆಲು ಸುತ್ತಿ ಇಟ್ಟಿದ್ದ. ಅಚ್ಚುಕಟ್ಟಾಗಿಯೇ ಮಾಡಿದ್ದ. ಕಾಕು ಕಾಲ ಬಳಿ ಗೋಡೆಗೆ ಒರಗಿ ಕೂತಿದ್ದರು. ಅಳುತ್ತಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ನೆರೆಯ ಹೆಂಗಸರು ಬಂದು ತೆಲುಗಿನಲ್ಲಿ ಸಮಾಧಾನ ಹೇಳಿದರು. ಕಾಕು ತಲೆಯಾಡಿಸಿದರು. ಆದರೆ ಅವರ ಕಣ್ಣು ಕಾಕಾನ ಮುಖ ಬಿಟ್ಟು ಕದಲುತ್ತಿರಲಿಲ್ಲ. ಬಹಳ ಹೊತ್ತಾದ ಮೇಲೆ ತಮ್ಮನನ್ನು ಕರೆದರು.

“ಅವ್ರ ಮಾರಿ ಒಂಚೂರು ಆಕಡೆ ತಿರುಗ್ಸೋ. ಹಂಗ ನೆಟ್ಟಗ ಇಟ್ರ ಅವ್ರಿಗೆ ನಾ ಕಾಣಂಗಿಲ್ಲ.”

ಅವನು ನನ್ನ ಮುಖ ನೋಡಿದ. ಅಕ್ಕನಿಗೆ ದುಃಖದಲ್ಲಿ ಬುದ್ಧಿ ಕದಡಿದೆ ಎಂದುಕೊಂಡನೋ ಏನೋ, ನಿಂತಲ್ಲೇ ನಿಂತ. ನಾನು ಎದ್ದೆ. ಒಂದು ಬದಿಯ ಟವೆಲು ತೆಗೆದು, ಎರಡೂ ಕೈಯಲ್ಲಿ ಅವರ ಮುಖ ಹಿಡಿದು ಕಿಟಕಿಯ ಕಡೆಗೆ ತಿರುಗಿಸಿದೆ. ಇನ್ನೂ ಬಿಗಿತ ಬಂದಿರಲಿಲ್ಲ.

“ಇಷ್ಟ ಸಾಕೇನ್ರಿ ಕಾಕು?” ಎಂದು ಕೇಳಿದೆ.

ಕಾಕು ಸೆರಗು ಸರಿಮಾಡಿಕೊಂಡು ನೋಡಿದರು.

“ಇನ್ನೊಂದೀಟು,” ಎಂದರು.